ಬಚ್ಚಲುಮನೆ ಲೈಟು: ಐಪಿ 44 ಸಾಕಾ, 65 ಬೇಕಾ?

ಕಾಫಿಹೂವು, ಮೂಡಿಗೆರೆ ಕಡೆ

ಎಲ್ಲರಿಗೂ ನಮಸ್ಕಾರ. ಅತ್ತೆ ಮಾವನ ರೂಮಿಗೆ ಸೇರಿಸಿ ಹೊಸದಾಗಿ ಒಂದು ಬಾತ್‌ರೂಮ್ ಕಟ್ಟಿಸುತ್ತಿದ್ದೇವೆ. ಐದು ಅಡಿ ಅಗಲ, ಎಂಟು ಅಡಿ ಉದ್ದ, ಮೇಲೆ ಆರ್‌ಸಿಸಿ, ಎತ್ತರ ಒಂಬತ್ತೂವರೆ ಅಡಿ. ಶವರ್ ಒಂದು ತುದಿಗೆ, ಬಾಗಿಲು ಇನ್ನೊಂದು ತುದಿಗೆ. ತಾರಸಿಗೆ ಒಂದು ಲೈಟು, ಕನ್ನಡಿ ಹತ್ತಿರ ಒಂದು. ಗೋಡೆಗೆ ವೈರಿಂಗ್ ಪೈಪ್ ಹಾಕಿ ಆಗಿದೆ, ಟೈಲ್ಸ್ ಕೆಲಸ ಮುಂದಿನ ವಾರ. ವೈರ್‌ಮನ್ ಅಣ್ಣ "ಲೈಟು ಯಾವುದಾದರೂ ತಂದಿಡಿ ಅಕ್ಕ, ಹಾಕಿಕೊಡ್ತೇನೆ" ಅಂದರು. ಅಂಗಡಿಯಲ್ಲಿ ಕೇಳಿದರೆ ಒಬ್ಬರು ಹಾಲ್‌ಗೆ ಹಾಕುವ ಪ್ಯಾನೆಲ್ ಲೈಟೇ ಸಾಕು ಅನ್ನುತ್ತಾರೆ. ಇನ್ನೊಬ್ಬರು ಐಪಿ 65 ಇಲ್ಲದಿದ್ದರೆ ಮಳೆಗಾಲ ದಾಟುವುದಿಲ್ಲ ಅನ್ನುತ್ತಾರೆ. ರೇಟು ನೋಡಿದರೆ ಒಂದಕ್ಕೆ ಎರಡರಷ್ಟು.

ಹಿತ್ತಲ ಕಡೆ ಹಳೇ ಬಚ್ಚಲೂ ಇದೆ. ಹಂಡೆ, ಒಲೆ, ಹಂಚಿನ ಮಾಡು. ಅಲ್ಲಿ ಬರೀ ಹೋಲ್ಡರ್‌ಗೆ ಬಲ್ಬು ಸಿಕ್ಕಿಸಿದ್ದಾರೆ, ಪ್ರತಿ ಮಳೆಗಾಲವೂ ಬಲ್ಬು ಹೋಗುತ್ತದೆ. ಅದಕ್ಕೂ ಏನಾದರೂ ದಾರಿ ಇದ್ದರೆ ಹೇಳಿ.

ಪಾಲಿಟೆಕ್ನಿಕ್ ಮೇಷ್ಟ್ರು, ಹಾಸನ

ಮೊದಲು ಆ ನಂಬರ್ ಏನು ಅಂತ ನೋಡಿಬಿಡೋಣ, ಅಂಗಡಿಯವರು ಅದನ್ನು ಮಾರ್ಕ್ಸ್ ಕಾರ್ಡ್ ತರಹ ಹೇಳುತ್ತಾರೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ. ಹಾಗಲ್ಲ. ಐಪಿ ಮುಂದಿನ ಎರಡು ಅಂಕಿ ಬೇರೆ ಬೇರೆ ಪರೀಕ್ಷೆಯವು. ಐಇಸಿ 60529 ಅನ್ನುವ ಅಂತರರಾಷ್ಟ್ರೀಯ ಮಾನದಂಡದ್ದು, ನಮ್ಮಲ್ಲೂ ಅದೇ ಐಎಸ್ ಐಇಸಿ 60529 ಅಂತ ಜಾರಿಯಲ್ಲಿದೆ.

ಮೊದಲನೇ ಅಂಕಿ ಧೂಳು, ಹುಳ, ತಂತಿ, ಬೆರಳು ಇಂಥವು ಒಳಗೆ ಹೋಗದಂತೆ ಎಷ್ಟು ತಡೆ ಇದೆ ಅಂತ ಹೇಳುತ್ತದೆ. 2 ಅಂದರೆ ಬೆರಳು ಹೋಗುವುದಿಲ್ಲ, ಅಷ್ಟೇ. 4 ಅಂದರೆ ಒಂದು ಮಿಲಿಮೀಟರ್‌ಗಿಂತ ದಪ್ಪದ್ದು ಹೋಗುವುದಿಲ್ಲ. 6 ಅಂದರೆ ಧೂಳು ಕೂಡ ಹೋಗುವುದಿಲ್ಲ. ಎರಡನೇ ಅಂಕಿ ನೀರಿನದ್ದು. 0 ಅಂದರೆ ಏನೂ ತಡೆ ಇಲ್ಲ. 4 ಅಂದರೆ ಯಾವ ಕಡೆಯಿಂದ ನೀರು ಎರಚಿದರೂ ತೊಂದರೆ ಇಲ್ಲ. 5 ಅಂದರೆ ಸಣ್ಣ ಪೈಪಿನಿಂದ ನೀರು ಹೊಡೆದರೂ ತಡೆಯುತ್ತದೆ, ನಿಮಿಷಕ್ಕೆ ಹನ್ನೆರಡೂವರೆ ಲೀಟರ್ ಲೆಕ್ಕದಲ್ಲಿ. 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಸರಿ.

ಇಲ್ಲೊಂದು ತಮಾಷೆ ಇದೆ. ಐಪಿ 67 ಇರುವುದು ಐಪಿ 65ರ ಪರೀಕ್ಷೆಯನ್ನೂ ಪಾಸ್ ಮಾಡಿದೆ ಅಂತ ಅರ್ಥ ಅಲ್ಲ. ಮುಳುಗಿಸುವುದೇ ಬೇರೆ, ಜೋರಾಗಿ ಹೊಡೆಯುವುದೇ ಬೇರೆ. ಎರಡೂ ಬೇಕಾದರೆ ಪೆಟ್ಟಿಗೆ ಮೇಲೆ ಎರಡೂ ಬರೆದಿರಬೇಕು. ನಿಮಗೆ 67, 68 ಯಾವುದೂ ಬೇಡ, ಅದು ಈಜುಕೊಳ, ಕಾರಂಜಿಗೆ.

ಯಾವ ಜಾಗಕ್ಕೆ ಎಷ್ಟು ಅನ್ನುವುದು ನೀರು ಬರುವ ಜಾಗದಿಂದ ಎಷ್ಟು ದೂರ, ಎಷ್ಟು ಎತ್ತರ ಅನ್ನುವುದರ ಮೇಲೆ. ಕನ್ನಡಿ ಶವರ್‌ನಿಂದ ಎಷ್ಟು ದೂರ ಬರುತ್ತದೆ, ಹೇಳಿ.

ಬೈಪಾಸ್ ಗೌಡ, ಬೇಲೂರು

ಮೇಷ್ಟ್ರೇ, ಇಷ್ಟೆಲ್ಲ ಬೇಕಾ? ನಮ್ಮನೆ ಬಚ್ಚಲಲ್ಲಿ ನಾನು ಹುಟ್ಟುವ ಮೊದಲಿಂದ ಕಪ್ಪು ಹೋಲ್ಡರ್ ಇದೆ. ಮೊದಲು 60 ವ್ಯಾಟ್ ಬುರುಡೆ ಬಲ್ಬು, ಈಗ 9 ವ್ಯಾಟ್ ಎಲ್‌ಇಡಿ. ಯಾರಿಗೂ ಏನೂ ಆಗಿಲ್ಲ. ಬಲ್ಬು ಹೋದರೆ ಇನ್ನೊಂದು ಹಾಕುವುದು. ಸುಮ್ನೆ ಸಾವಿರ ಸಾವಿರ ಖರ್ಚು ಮಾಡಿಸಬೇಡಿ.

ಕಾಫಿಹೂವು, ಮೂಡಿಗೆರೆ ಕಡೆ

ಮೇಷ್ಟ್ರೇ, ಟೇಪ್ ಹಿಡಿದು ನೋಡಿದೆ. ಶವರ್ ಪಾಯಿಂಟ್‌ನಿಂದ ಕನ್ನಡಿ ಲೈಟಿನ ಪಾಯಿಂಟ್‌ಗೆ ಮೂರೂವರೆ ಅಡಿ. ನೆಲದಿಂದ ಆರೂಕಾಲು ಅಡಿ ಎತ್ತರ. ಮಧ್ಯೆ ಗಾಜಿನ ಪಾರ್ಟಿಷನ್ ಹಾಕುತ್ತಿಲ್ಲ, ಮಾವನಿಗೆ ಓಡಾಡಲು ಕಷ್ಟ ಆಗುತ್ತದೆ.

ಗೌಡರೇ, ನಿಮ್ಮ ಬಲ್ಬು ಬದಲಾಯಿಸಲು ನೀವಿದ್ದೀರಿ. ಇಲ್ಲಿ ಎಪ್ಪತ್ತು ದಾಟಿದವರು ಸ್ಟೂಲ್ ಹತ್ತಬಾರದು ಅನ್ನುವುದೇ ನನ್ನ ಚಿಂತೆ.

ಪಾಲಿಟೆಕ್ನಿಕ್ ಮೇಷ್ಟ್ರು, ಹಾಸನ

ಸರಿ. ಐಇಸಿ 60364 ಅನ್ನುವ ವೈರಿಂಗ್ ಮಾನದಂಡದ 701ನೇ ಭಾಗ ಬಾತ್‌ರೂಮ್‌ಗಳದ್ದು. ಟಬ್ಬಿಗೆ ಬೇರೆ ಲೆಕ್ಕ. ನಮ್ಮ ಹಾಗೆ ಟಬ್ಬೂ ಇಲ್ಲ, ತಗ್ಗಿನ ಟ್ರೇನೂ ಇಲ್ಲ, ನೆಲದ ಮೇಲೆ ನಿಂತು ಸ್ನಾನ ಅಂದರೆ, ಶವರ್‌ನಿಂದ ಸುತ್ತ 1.2 ಮೀಟರ್, ಅಂದರೆ ನಾಲ್ಕು ಅಡಿಗೆ ಒಂದು ಬೆರಳು ಕಮ್ಮಿ, ಅಷ್ಟು ಜಾಗ ಪೂರ್ತಿ ಒದ್ದೆ ಜಾಗ. ಎತ್ತರ 2.25 ಮೀಟರ್ ತನಕ, ಹತ್ತಿರ ಹತ್ತಿರ ಏಳು ಅಡಿ ನಾಲ್ಕೂವರೆ ಇಂಚು. ಶವರ್ ಅದಕ್ಕಿಂತ ಎತ್ತರದಲ್ಲಿದ್ದರೆ ಅಲ್ಲಿಯವರೆಗೆ. ಈ ಜಾಗದಲ್ಲಿ ಹಾಕುವುದಕ್ಕೆ ನೀರಿನ ಅಂಕಿ ಕನಿಷ್ಠ 4 ಇರಬೇಕು. ಪೈಪ್ ಹಿಡಿದು ತೊಳೆಯುವವರಾದರೆ 5.

ನಿಮ್ಮ ಕನ್ನಡಿ ಲೈಟು ಮೂರೂವರೆ ಅಡಿಯಲ್ಲಿದೆ, ಅಂದರೆ ಒದ್ದೆ ಜಾಗದ ಒಳಗೇ ಬಂತು. ಅದಕ್ಕೆ ಐಪಿ 44ಕ್ಕಿಂತ ಕಮ್ಮಿ ತರಬೇಡಿ. ತಾರಸಿ ಲೈಟು ಒಂಬತ್ತೂವರೆ ಅಡಿ ಮೇಲಿದೆ, ಅದು ಹೊರಗೆ.

ಬೈಪಾಸ್ ಗೌಡ, ಬೇಲೂರು

ನೋಡಿ! ಮೇಷ್ಟ್ರ ಲೆಕ್ಕದಲ್ಲೇ ತಾರಸಿಗೆ ಯಾವ ಲೈಟಾದರೂ ಆಗುತ್ತದೆ ಅಂತಾಯ್ತು.

ಒಂಟಿ ವೈರು, ಚಿಕ್ಕಮಗಳೂರು

ಗೌಡರೇ, ಕಾಗದದಲ್ಲಿ ಆಗುತ್ತದೆ. ನಾನು ಇದೇ ಕೆಲಸದಲ್ಲಿ ಇರುವವನು, ನೋಡಿದ್ದು ಹೇಳುತ್ತೇನೆ. ಮಲೆನಾಡಿನಲ್ಲಿ ಬಾತ್‌ರೂಮ್ ಲೈಟು ನೀರು ಎರಚಿ ಹಾಳಾಗುವುದು ಕಮ್ಮಿ. ಹಬೆಗೆ ಹಾಳಾಗುತ್ತದೆ, ಹುಳಕ್ಕೆ ಹಾಳಾಗುತ್ತದೆ, ಹಿಂದಿನ ಪೈಪಿನಿಂದ ಇಳಿದ ನೀರಿಗೆ ಹಾಳಾಗುತ್ತದೆ.

ಹೋದ ಆಷಾಢದಲ್ಲಿ ಕಳಸದ ಹತ್ತಿರ ಒಂದು ಮನೆಯಲ್ಲಿ ಲೈಟು ಬಿಚ್ಚಿದೆ. ದುಂಡನೆಯ ಬಲ್ಕ್‌ಹೆಡ್, ಅಂದರೆ ಬಟ್ಟಲು ಮುಚ್ಚಿದ ಲೈಟು, ಐಪಿ 65 ಅಂತ ಮೈಮೇಲೇ ಅಚ್ಚು ಹಾಕಿತ್ತು, ಬೆಲೆಯೂ ಚೆನ್ನಾಗಿಯೇ ಕೊಟ್ಟಿದ್ದರು. ಸ್ಕ್ರೂ ತೆಗೆದ ಕೂಡಲೇ ಬಟ್ಟಲಿನಿಂದ ಕಂದು ನೀರು ಮೊಣಕೈ ತನಕ ಸುರಿಯಿತು. ಅದರಲ್ಲಿ ಮಳೆಹುಳದ ರೆಕ್ಕೆ, ಸತ್ತ ಇರುವೆ. ಸರ್ಕ್ಯೂಟ್ ಬೋರ್ಡಿನ ತಾಮ್ರ ಹಸಿರುಗಟ್ಟಿತ್ತು. ಮುಂದಿನ ಗ್ಯಾಸ್ಕೆಟ್, ಅಂದರೆ ಸೀಲ್ ಮಾಡುವ ರಬ್ಬರ್, ಹೊಸದರ ಹಾಗೇ ಇತ್ತು! ಹಿಂದುಗಡೆ ನೋಡಿದರೆ ವೈರ್ ಬರುವ ಜಾಗದ ರಬ್ಬರನ್ನು ಕಟಿಂಗ್ ಪ್ಲೇಯರ್‌ನಲ್ಲಿ ಕಿತ್ತು, ಮುಕ್ಕಾಲು ಇಂಚು ಪೈಪಿನ ಬಾಯಿ ಸೀದಾ ಲೈಟಿನೊಳಗೆ ಬಿಟ್ಟಿದ್ದರು. ತಾರಸಿಯಲ್ಲಿ ಸಣ್ಣ ಸೋರಿಕೆ ಇತ್ತು, ಆ ನೀರು ಪೈಪ್ ಹಿಡಿದು ಬಂದು ಲೈಟಿನಲ್ಲಿ ನಿಂತಿತ್ತು. ಒಳಗೆ ಬಂದದ್ದು ಹೊರಗೆ ಹೋಗಲು ದಾರಿ ಇಲ್ಲ, ಏಕೆಂದರೆ ಮುಂದುಗಡೆ ಸೀಲ್ ಅಷ್ಟು ಚೆನ್ನಾಗಿದೆ.

ಹಾಗಾಗಿ ಅಕ್ಕ, ಲೈಟು ಯಾವುದೇ ತನ್ನಿ, ವೈರ್ ಬರುವ ತೂತಿಗೆ ಗ್ಲ್ಯಾಂಡ್ ಇರುವುದು ತನ್ನಿ. ತಿರುಗಿಸಿದರೆ ವೈರನ್ನು ರಬ್ಬರ್ ಬಿಗಿಯಾಗಿ ಹಿಡಿಯುತ್ತದಲ್ಲ, ಅದು. ಅದಕ್ಕೆ ದುಂಡನೆಯ ಕೇಬಲ್ ಬೇಕು. ಮೂರು ಬಿಡಿ ವೈರ್ ತೂರಿಸಿದರೆ ಸಂದಿಯಲ್ಲಿ ಗಾಳಿ ಆಡುತ್ತದೆ, ಗ್ಲ್ಯಾಂಡ್ ಇದ್ದೂ ಇಲ್ಲದ ಹಾಗೆ. ಪೈಪ್ ಗೋಡೆಯ ಪಾಯಿಂಟ್ ಪೆಟ್ಟಿಗೆಯಲ್ಲೇ ನಿಲ್ಲಲಿ, ಅಲ್ಲಿಂದ ಅರ್ಧ ಅಡಿ ಕೇಬಲ್ ಮಾತ್ರ ಲೈಟಿಗೆ ಬರಲಿ.

ಘಟ್ಟದ ಮಂಜು, ಸಕಲೇಶಪುರ

ಇದು ನೂರಕ್ಕೆ ನೂರು ನಿಜ. ನಮ್ಮದು ಹೋಂಸ್ಟೇ. ವಾರದ ಕೊನೆಗೆ ಬೆಂಗಳೂರಿನವರು ಬಂದರೆ ಒಬ್ಬೊಬ್ಬರೂ ಅರ್ಧ ಗಂಟೆ ಬಿಸಿನೀರು ಬಿಟ್ಟುಕೊಂಡು ನಿಲ್ಲುತ್ತಾರೆ, ಹೊರಗೆ ಮಳೆ, ಕಿಟಕಿ ತೆರೆಯುವುದಿಲ್ಲ, ಬಾತ್‌ರೂಮ್ ಪೂರ್ತಿ ಹಬೆ. ನಾವು ಶುರುವಿನಲ್ಲಿ ಹಾಕಿಸಿದ್ದ ಫಾಲ್ಸ್ ಸೀಲಿಂಗ್ ಡೌನ್‌ಲೈಟ್‌ಗಳ ಪೆಟ್ಟಿಗೆ ಮೇಲೂ ಐಪಿ 65 ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ "ಮುಂಭಾಗ ಮಾತ್ರ" ಅಂತ. ಹಿಂಭಾಗ ಐಪಿ 20. ಫಾಲ್ಸ್ ಸೀಲಿಂಗ್ ಮೇಲೆ ಸೇರಿದ ಹಬೆ ಹಿಂದಿನಿಂದ ಡ್ರೈವರ್‌ಗೆ, ಅಂದರೆ ಎಲ್‌ಇಡಿಗೆ ಕರೆಂಟ್ ಹೊಂದಿಸಿಕೊಡುವ ಭಾಗಕ್ಕೆ, ಹೋಯಿತು. ಮಿಣಮಿಣ ಅನ್ನಲು ಶುರುವಾದದ್ದು ಹಾಗೆ.

ಆಮೇಲೆ ಎಕ್ಸಾಸ್ಟ್ ಫ್ಯಾನಿಗೆ ಟೈಮರ್ ಹಾಕಿಸಿದೆವು. ಲೈಟ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಓಡುತ್ತದೆ. ಲೈಟಿನ ತಂಟೆ ಅಲ್ಲಿಗೆ ಬಹುತೇಕ ನಿಂತಿತು. ಬಾಗಿಲ ಕೆಳಗೆ ಮುಕ್ಕಾಲು ಇಂಚು ಸಂದಿ ಬಿಡಿ, ಇಲ್ಲದಿದ್ದರೆ ಫ್ಯಾನ್ ಎಳೆಯಲು ಗಾಳಿಯೇ ಇರುವುದಿಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು, ಹಾಸನ

ಇದಕ್ಕೆ ಕಾರಣ ಇದೆ. ಲೈಟು ಉರಿಯುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಸ್ವಲ್ಪ ಹೊರಗೆ ಹೋಗುತ್ತದೆ. ಆರಿಸಿದ ಮೇಲೆ ತಣ್ಣಗಾಗಿ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಆಗ ಬಾತ್‌ರೂಮಿನಲ್ಲಿ ಇರುವುದು ಹಬೆ ತುಂಬಿದ ಗಾಳಿ. ದಿನಾ ಹೀಗೆ ಉಸಿರಾಡಿ ಉಸಿರಾಡಿ ಒಳಗೆ ಹನಿ ಕಟ್ಟುತ್ತದೆ. ಐಪಿ ಪರೀಕ್ಷೆಯಲ್ಲಿ ನೀರು ಎರಚಿ, ಹೊಡೆದು ನೋಡುತ್ತಾರೆ. ತಿಂಗಳುಗಟ್ಟಲೆ ಹಬೆಯಲ್ಲಿಟ್ಟು ನೋಡುವುದಿಲ್ಲ. ಹಾಗಾಗಿ ನಂಬರ್ ಒಂದನ್ನೇ ನಂಬಿ ಕೂರಬಾರದು.

ಒಂಟಿ ವೈರು, ಚಿಕ್ಕಮಗಳೂರು

ಅದಕ್ಕೇ ಹೇಳುತ್ತೇನೆ, ನಮ್ಮ ಕಡೆ ಮೊದಲನೇ ಅಂಕಿಯೇ ಜಾಸ್ತಿ ಮುಖ್ಯ. ನೀರಿಗೆ 4 ಸಾಕಾಗಿದ್ದರೂ ನಾನು ಐಪಿ 65 ಹಾಕಿ ಅನ್ನುವುದು ಇರುವೆಗಾಗಿ. ಒಂದು ಮಿಲಿಮೀಟರ್ ಸಂದಿ ಸಿಕ್ಕರೆ ಸಣ್ಣ ಇರುವೆ ಬೆಚ್ಚಗಿನ ಜಾಗ ಅಂತ ಮೊಟ್ಟೆ ಸಮೇತ ಒಳಗೆ ಸೇರುತ್ತದೆ. ಮುಂಗಾರಿನ ಮೊದಲ ಮಳೆಗೆ ಹಾತೆಗಳು ಬರುತ್ತವಲ್ಲ, ಅವು ಬೆಳಕಿಗೇ ನುಗ್ಗುವುದು. ಮನೆಯವರು ಬಟ್ಟಲಿನೊಳಗೆ ಕಪ್ಪಗೆ ಕಾಣುವುದು ಧೂಳು ಅಂದುಕೊಳ್ಳುತ್ತಾರೆ.

ಬಯಲುಸೀಮೆ, ಕಡೂರು

ನೀವೆಲ್ಲ ಮಳೆ ಮಳೆ ಅನ್ನುತ್ತೀರಿ, ನಮ್ಮಲ್ಲಿ ಮಳೆಯೇ ಇಲ್ಲ ಮಾರಾಯ್ರೆ. ನಮ್ಮ ತೊಂದರೆ ಬೋರ್‌ವೆಲ್ ನೀರು. ಎರಚಿದ ನೀರು ಒಣಗಿದರೆ ಬಿಳಿ ಪೊರೆ. ಕನ್ನಡಿ ಲೈಟಿನ ಮೇಲೆ ಸುಣ್ಣ ಹೊಡೆದ ಹಾಗಿದೆ. ಅದನ್ನು ತೆಗೆಯಲು ಮನೆಯಲ್ಲಿ ಟೈಲ್ಸಿಗೆ ಹಾಕುವ ಆಸಿಡ್ಡನ್ನೇ ಬಟ್ಟೆಗೆ ಹಾಕಿ ಒರೆಸುತ್ತಾರೆ. ಮಿರಮಿರ ಮಿಂಚುತ್ತಿದ್ದ ಕ್ರೋಮ್ ಪಟ್ಟಿ ಈಗ ಕಪ್ಪು ಚುಕ್ಕಿ. ಏನು ಮಾಡಬೇಕು?

ಇಟ್ಟಿಗೆ ಗಾರೆ, ಹಾಸನ

ಬಟ್ಟೆಗೆ ಹಾಕದಿದ್ದರೂ ಆಗುತ್ತದೆ. ಆಸಿಡ್ ಹಾಕಿ ಬಾಗಿಲು ಮುಚ್ಚಿ ಬಂದರೆ ಅದರ ಹೊಗೆಗೇ ಸ್ಟೀಲ್ ನಲ್ಲಿ, ಸ್ಕ್ರೂ, ಲೈಟಿನ ಪಟ್ಟಿ ಎಲ್ಲ ಚುಕ್ಕಿ ಬೀಳುತ್ತದೆ. ಹೊಸ ಮನೆ ಟೈಲ್ಸ್ ತೊಳೆಯುವಾಗ ನಮ್ಮ ಹುಡುಗರು ಮಾಡುವ ಕೆಲಸವೇ ಇದು, ಅದಕ್ಕೇ ಲೈಟು ನಲ್ಲಿ ಎಲ್ಲ ಆಸಿಡ್ ವಾಶ್ ಆದ ಮೇಲೆ ಹಾಕಿಸಿ. ಬಿಳಿ ಪೊರೆಗೆ ನಿಂಬೆಹುಳಿ ಅಥವಾ ವಿನೆಗರ್ ನೀರಲ್ಲಿ ಅದ್ದಿದ ಬಟ್ಟೆ ಸಾಕು, ಲೈಟ್ ಆರಿಸಿ ತಣ್ಣಗಾದ ಮೇಲೆ. ಮೈ ಪಾಲಿಕಾರ್ಬೋನೇಟ್ ಪ್ಲಾಸ್ಟಿಕ್ ಇರುವುದು ತಗೊಳ್ಳಿ, ಕ್ರೋಮ್ ಚೆಂದ ಎರಡೇ ವರ್ಷ.

ಒಂಟಿ ವೈರು, ಚಿಕ್ಕಮಗಳೂರು

ಪ್ಲಾಸ್ಟಿಕ್ ಮೈಯದ್ದರಲ್ಲಿ ಇನ್ನೊಂದು ಲಾಭ. ಚೌಕದೊಳಗೆ ಚೌಕ ಇರುವ ಗುರುತು ಇದ್ದರೆ ಎರಡು ಪದರ ಇನ್ಸುಲೇಷನ್ ಅಂತ, ಅದಕ್ಕೆ ಅರ್ಥ್ ವೈರ್ ಬೇಡ. ಲೋಹದ ಮೈ ಇದ್ದು ಆ ಗುರುತು ಇಲ್ಲದಿದ್ದರೆ ಅರ್ಥ್ ಕೊಡಲೇಬೇಕು. ಹಳೇ ಮನೆಗಳಲ್ಲಿ ಲೈಟ್ ಪಾಯಿಂಟ್‌ಗೆ ಎರಡೇ ವೈರ್ ಬಂದಿರುತ್ತದೆ, ಅಲ್ಲಿ ಲೋಹದ ಲೈಟು ಬೇಡವೇ ಬೇಡ.

ಮತ್ತೆ ಗೌಡರೇ, ನಿಮ್ಮ ಮನೆಯಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಕಟ್ ಮಾಡುವ ಸ್ವಿಚ್, ಇದೆಯಾ?

ಬೈಪಾಸ್ ಗೌಡ, ಬೇಲೂರು

ಎಂಸಿಬಿ ಇದೆಯಲ್ಲ. ಅದೇ ಸಾಕಲ್ವಾ?

ಒಂಟಿ ವೈರು, ಚಿಕ್ಕಮಗಳೂರು

ಸಾಲದು ಅಣ್ಣ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿ ಹರಿದರೆ ಬೀಳುವ ಸ್ವಿಚ್, ಅದು ಕಾಯುವುದು ವೈರನ್ನು, ನಿಮ್ಮನ್ನಲ್ಲ. 10 ಆಂಪಿಯರ್ ಎಂಸಿಬಿ ಬೀಳಬೇಕಾದರೆ 10 ಆಂಪಿಯರ್‌ಗಿಂತ ಜಾಸ್ತಿ ಹರಿಯಬೇಕು. ಒದ್ದೆ ಮೈಯಲ್ಲಿ ಮನುಷ್ಯನ ಜೀವ ಹೋಗಲು ಅದರ ನೂರರಲ್ಲಿ ಒಂದು ಪಾಲೂ ಬೇಡ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಅಂದರೆ ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ಅಷ್ಟು ವ್ಯತ್ಯಾಸ ಬಂದ ಕೂಡಲೇ ಕಟ್ ಆಗುತ್ತದೆ. ಅಂದರೆ ಆ 10 ಆಂಪಿಯರ್‌ನ ಮುನ್ನೂರನೇ ಒಂದು ಭಾಗಕ್ಕಿಂತಲೂ ಕಮ್ಮಿಗೇ. ಲೈಟಿಗೆ ಎಷ್ಟು ಖರ್ಚು ಮಾಡಬೇಕು ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ, ಮೊದಲು ಆರ್‌ಸಿಸಿಬಿ, ಉಳಿದ ದುಡ್ಡಿನಲ್ಲಿ ಲೈಟು.

ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಅಂತ ತೆಗೆಸಿಬಿಡುವವರಿದ್ದಾರೆ. ಅದು ಬೀಳುವುದು ಎಲ್ಲೋ ಲೀಕ್ ಇದೆ ಅಂತ. ಹೆಚ್ಚಾಗಿ ಬಚ್ಚಲ ಹೋಲ್ಡರ್, ಹೊರಗಿನ ಗೇಟ್ ಲೈಟ್, ಪಂಪ್. ಒಂದೊಂದೇ ಲೈನ್ ಬಿಡಿಸಿ ನೋಡಿದರೆ ಸಿಗುತ್ತದೆ. ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ.

ಇನ್ನೊಂದು. ಸ್ವಿಚ್ ಫೇಸ್ ವೈರಿನಲ್ಲೇ ಇರಬೇಕು. ನ್ಯೂಟ್ರಲ್‌ನಲ್ಲಿ ಹಾಕಿದ್ದರೆ ಲೈಟ್ ಆರಿಸಿದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ, ಎಲ್‌ಇಡಿ ರಾತ್ರಿ ಮಂದವಾಗಿ ಉರಿಯುತ್ತಿರುತ್ತದೆ. ಅದು ಕಂಡರೆ ವೈರ್‌ಮನ್ ಕರೆಸಿ. ಸ್ವಿಚ್‌ಬೋರ್ಡ್ ಬಾಗಿಲ ಹೊರಗೆ ಇರಲಿ.

ಬೈಪಾಸ್ ಗೌಡ, ಬೇಲೂರು

ಆರ್‌ಸಿಸಿಬಿ ಮಾತು ಒಪ್ಪಿದೆ, ಹಾಕಿಸುತ್ತೇನೆ. ಹೋಲ್ಡರ್ ಮಾತ್ರ ತೆಗೆಯುವುದಿಲ್ಲ! ಬಲ್ಬು ಹೋದರೆ ಊರಿನ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ನಿಮ್ಮ ಐಪಿ 65 ಹೋದರೆ ಇಡೀ ಲೈಟು ಎಸೆದು ಹಾಸನಕ್ಕೆ ಬರಬೇಕು.

ಘಟ್ಟದ ಮಂಜು, ಸಕಲೇಶಪುರ

ಗೌಡರ ಈ ಮಾತಿನಲ್ಲಿ ತೂಕ ಇದೆ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ನಮ್ಮಲ್ಲಿ ಡ್ರೈವರ್‌ಗಳು ಸಾಲಾಗಿ ಹೋಗುತ್ತವೆ. ಅದಕ್ಕೆ ನಾವು ಈಗ ಹಾಕುವುದು ಬಲ್ಬು ಬದಲಾಯಿಸಬಹುದಾದ ಬಲ್ಕ್‌ಹೆಡ್. ಹೊರಗೆ ಗ್ಯಾಸ್ಕೆಟ್ ಇರುವ ಬಟ್ಟಲು, ಒಳಗೆ ಮಾಮೂಲಿ ಹೋಲ್ಡರ್. ಒಂದೇ ಎಚ್ಚರ, ಮುಚ್ಚಿದ ಬಟ್ಟಲಿನಲ್ಲಿ ಬಲ್ಬಿನ ಬಿಸಿ ಹೊರಗೆ ಹೋಗುವುದಿಲ್ಲ. ಕೆಲವು ಬಲ್ಬಿನ ಪೆಟ್ಟಿಗೆಯಲ್ಲಿ ಮುಚ್ಚಿದ ಲೈಟಿಗೆ ಬೇಡ ಅಂತಲೇ ಬರೆದಿರುತ್ತದೆ. 7 ಅಥವಾ 9 ವ್ಯಾಟಿಗೆ ನಿಲ್ಲಿಸಿ, ಬಟ್ಟಲು ದೊಡ್ಡದಿರಲಿ.

ಕಾಫಿಹೂವು, ಮೂಡಿಗೆರೆ ಕಡೆ

ಇದು ನನಗೆ ಹಿಡಿಸಿತು. ಬಲ್ಬು ಬದಲಾಯಿಸುವಂಥದ್ದೇ ತರುತ್ತೇನೆ, ಐಪಿ 65, ಪ್ಲಾಸ್ಟಿಕ್ ಮೈ, ಗ್ಲ್ಯಾಂಡ್ ಇರುವುದು. ತಾರಸಿ ಬೇಡ, ಬಾಗಿಲ ಮೇಲಿನ ಗೋಡೆಗೆ ಹಾಕಿಸಿದರೆ ಕೈಗೂ ಎಟುಕುತ್ತದೆ, ಶವರ್‌ನಿಂದಲೂ ದೂರ. ಬೆಳಕಿನ ಬಣ್ಣ ಯಾವುದು? ಮತ್ತೆ ಪೆಟ್ಟಿಗೆ ಮೇಲೆ ಬರೆದದ್ದು ನಿಜ ಅಂತ ತಿಳಿಯುವುದು ಹೇಗೆ? ಹಳೇ ಬಚ್ಚಲ ವಿಷಯ ಯಾರೂ ಹೇಳಲಿಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು, ಹಾಸನ

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ವಯಸ್ಸಾದವರಿಗೆ 4000 ಕೆಲ್ವಿನ್ ಚೆನ್ನ. 6500ರ ನೀಲಿ ಬಿಳಿ ಬೆಳಕು ಬಿಳಿ ಟೈಲ್ಸ್ ಮೇಲೆ ಕಣ್ಣು ಕೋರೈಸುತ್ತದೆ, ನೆಲದ ಮೇಲೆ ನೀರು ನಿಂತದ್ದೇ ಕಾಣುವುದಿಲ್ಲ. ಅಷ್ಟು ಚಿಕ್ಕ ರೂಮಿಗೆ 800ರಿಂದ 1000 ಲ್ಯೂಮೆನ್ ಬೆಳಕು ಸಾಕು.

ಎಲ್‌ಇಡಿ ಬಲ್ಬು, ಲೈಟುಗಳಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. ಅದಿದ್ದ ಮಾತ್ರಕ್ಕೆ ಐಪಿ ಅಂಕಿ ಸರಿ ಅಂತಲ್ಲ, ಆದರೆ ಅದೂ ಇಲ್ಲದ್ದನ್ನು ವಾಪಸ್ ಇಡಿ. ಅಂಗಡಿಯಲ್ಲೇ ಬಿಚ್ಚಿ ತೋರಿಸಿ ಅನ್ನಿ. ಗ್ಯಾಸ್ಕೆಟ್ ಒಂದೇ ತುಂಡಾಗಿ ಸುತ್ತಲೂ ಕೂತಿರಬೇಕು, ಬೆರಳಲ್ಲಿ ಒತ್ತಿದರೆ ಮೇಲೆ ಬರಬೇಕು. ಸ್ಕ್ರೂ ಗ್ಯಾಸ್ಕೆಟ್‌ನ ಹೊರಗೆ ಬರಬೇಕು.

ಒಂಟಿ ವೈರು, ಚಿಕ್ಕಮಗಳೂರು

ಹಳೇ ಬಚ್ಚಲಿಗೆ ನನ್ನ ಸಲಹೆ, ಲೈಟನ್ನು ಒಳಗೇ ಹಾಕಬೇಡಿ! ಒಲೆ ಹೊಗೆಯ ಮಸಿ ಗಾಜಿಗೆ ಹತ್ತುತ್ತದೆ, ಹಂಡೆಯ ಹಬೆ ಬೇರೆ, ಒಲೆ ಪಕ್ಕದ ಬಿಸಿಗೆ ಎಲ್‌ಇಡಿ ಬಾಳುವುದಿಲ್ಲ. ಕಿಟಕಿಗೆ ಗಾಜು ಇದ್ದರೆ ಅದರ ಹೊರಗೆ, ಸೂರಿನ ಅಡಿಗೆ ಒಂದು ಐಪಿ 65 ಬಲ್ಕ್‌ಹೆಡ್ ಹಾಕಿ, ಬೆಳಕು ಒಳಗೆ ಬೀಳುವ ಹಾಗೆ. ಒಳಗೆ ವೈರೇ ಇಲ್ಲ ಅಂದ ಮೇಲೆ ಭಯವೂ ಇಲ್ಲ. ಹಾಗಾಗದಿದ್ದರೆ ಒಲೆಯ ಎದುರು ಗೋಡೆಗೆ, ಕೊಡದಲ್ಲಿ ಹೊಯ್ದುಕೊಂಡರೂ ನೀರು ಎರಚದಷ್ಟು ಎತ್ತರಕ್ಕೆ. ಆ ಜೋತು ಬಿದ್ದ ಹೋಲ್ಡರ್ ಮೊದಲು ತೆಗೆಸಿ.

ಕಾಫಿಹೂವು, ಮೂಡಿಗೆರೆ ಕಡೆ

ಕಿಟಕಿಗೆ ಗಾಜಿದೆ, ಮಸಿ ಹಿಡಿದಿದೆ ಅಷ್ಟೇ. ಹೊರಗಿನಿಂದಲೇ ಹಾಕಿಸುತ್ತೇನೆ. ಲೈಟಿನ ಸುತ್ತ ಸಿಲಿಕಾನ್ ಹಚ್ಚಬೇಕಾ?

ಇಟ್ಟಿಗೆ ಗಾರೆ, ಹಾಸನ

ಮೇಲೆ ಮತ್ತು ಎರಡು ಪಕ್ಕ ಹಚ್ಚಿ, ಕೆಳಗೆ ಬಿಡಿ, ಹಿಂದೆ ನೀರು ಸೇರಿದರೆ ಇಳಿದು ಹೋಗಬೇಕಲ್ವಾ. ಹುಳಿ ವಿನೆಗರ್ ವಾಸನೆ ಬರುವ ಸಿಲಿಕಾನ್ ಬೇಡ, ಅದು ತಾಮ್ರ ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದಿರುವುದು ಕೇಳಿ.

ಅದಕ್ಕಿಂತ ಮೊದಲು ಟೈಲ್ಸ್ ಮೇಸ್ತ್ರಿಗೆ ಇವತ್ತೇ ಎರಡು ಮಾತು ಹೇಳಿಬಿಡಿ. ಲೈಟ್ ಪಾಯಿಂಟ್ ಪೆಟ್ಟಿಗೆಯ ಅಂಚು ಟೈಲ್ಸ್ ಮಟ್ಟಕ್ಕೆ ಸರಿಯಾಗಿ ಬರಬೇಕು. ಮತ್ತೆ ಲೈಟು ಕೂರುವ ಜಾಗದಲ್ಲಿ ಟೈಲ್ಸ್ ಜಾಯಿಂಟ್ ಬರದ ಹಾಗೆ ಲೆಕ್ಕ ಹಾಕಿ ಕೂರಿಸಲಿ, ಜಾಯಿಂಟಿನ ತಗ್ಗಿನ ಮೇಲೆ ರಬ್ಬರ್ ಒತ್ತುವುದಿಲ್ಲ, ಅಲ್ಲಿಂದಲೇ ನೀರು ಒಳಗೆ ಹೋಗುತ್ತದೆ. ಕನ್ನಡಿ ಪಾಯಿಂಟನ್ನು ಬಾಗಿಲ ಕಡೆಗೆ ಒಂದಡಿ ಸರಿಸಲು ಆಗುತ್ತದಾ ಅಂತಲೂ ಕೇಳಿ, ಟೈಲ್ಸ್ ಇನ್ನೂ ಹಾಕಿಲ್ಲ ಅಂದಿರಲ್ಲ, ಈಗಲಾದರೆ ಅರ್ಧ ಗಂಟೆ ಕೆಲಸ.

ಕಾಫಿಹೂವು, ಮೂಡಿಗೆರೆ ಕಡೆ

ಫೋನ್ ಮಾಡಿದೆ. ಪಾಯಿಂಟ್ ಸರಿಸಬಹುದಂತೆ. ಜಾಯಿಂಟ್ ವಿಷಯ ಹೇಳಿದ್ದಕ್ಕೆ "ಯಾರು ಹೇಳಿಕೊಟ್ಟರು ಅಕ್ಕ?" ಅಂತ ಕೇಳಿದರು.